ಕರಡಿಗೆಯ ನೆರಳು

ಎದೆಯ ಎಕ್ಸ್‌ರೇಗೆ ಬಂದವರಿಗೆ ನಾನು ಹೇಳುವ ಮೊದಲ ಮಾತು, "ಕತ್ತಿನಲ್ಲಿರೋದನ್ನೆಲ್ಲ ತೆಗೆದು ಇಲ್ಲಿಡಿ" ಎಂಬುದು. ಈ ಒಂದು ಮಾತಿನ ಮೇಲೆ ನಡೆಯುವ ವಾದಗಳನ್ನು ಬರೆದಿಟ್ಟಿದ್ದರೆ ಇಷ್ಟು ಹೊತ್ತಿಗೆ ದಪ್ಪ ಪುಸ್ತಕವಾಗಿರುತ್ತಿತ್ತು. ಮಾಂಗಲ್ಯ ತೆಗೆಯುವುದಿಲ್ಲ ಎನ್ನುವವರಿಗೆ ಅದನ್ನು ಎತ್ತಿ ಬಾಯಲ್ಲಿ ಕಚ್ಚಿಕೊಳ್ಳಲು ಹೇಳುತ್ತೇನೆ. ತಾಯಿತ ಬಿಚ್ಚಿದರೆ ಮಗುವಿಗೆ ದೃಷ್ಟಿ ತಗಲುತ್ತದೆ ಎನ್ನುವ ತಾಯಂದಿರಿಗೆ, ಎರಡು ನಿಮಿಷ ನೀವೇ ಕೈಯಲ್ಲಿ ಹಿಡಿದುಕೊಳ್ಳಿ, ದೃಷ್ಟಿಗೆ ಅಷ್ಟು ಬೇಗ ವಿಳಾಸ ಸಿಗುವುದಿಲ್ಲ ಎನ್ನುತ್ತೇನೆ. ನಗುತ್ತಾರೆ, ಬಿಚ್ಚುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ವಾದಕ್ಕೆ ಹೋಗುತ್ತಿರಲಿಲ್ಲ. ನಮ್ಮ ಎಕ್ಸ್‌ರೇ ಕೇಂದ್ರ ಇರುವುದು ಬಸವನಗುಡಿಯ ಹಳೆಯ ಬಂಗಲೆಯೊಂದರಲ್ಲಿ. ಒಂದು ಕಾಲದ ಊಟದ ಮನೆಯ ಗೋಡೆಗೆ ಸೀಸದ ತಗಡು ಹೊಡೆದು ಎಕ್ಸ್‌ರೇ ಕೋಣೆ ಮಾಡಿದ್ದಾರೆ. ಸುತ್ತಮುತ್ತ ಪೇಟೆಯ ವ್ಯಾಪಾರದಲ್ಲಿ ತಲೆಮಾರುಗಳನ್ನು ಕಳೆದ ಲಿಂಗಾಯತ ಮನೆತನಗಳು ಬೇಕಾದಷ್ಟಿವೆ. ಅಲ್ಲಿಂದ ಬರುವ ಹಿರಿಯರ ಎದೆಯ ಮೇಲೆ ಬೆಳ್ಳಿಯ ಕರಡಿಗೆ ತೂಗುತ್ತಿರುತ್ತದೆ. ನಿಂಬೆಹಣ್ಣಿನಷ್ಟು ದಪ್ಪ, ಒಳಗೆ ಇಷ್ಟಲಿಂಗ. ಅದು ಮೈಯಿಂದ ಬೇರೆಯಾಗುವ ಹಾಗಿಲ್ಲ. ಬೇರೆಯವರು ಮುಟ್ಟುವ ಹಾಗಿಲ್ಲ. ಹೊಕ್ಕುಳಿಗಿಂತ ಕೆಳಗೆ ಇಳಿಯುವ ಹಾಗೂ ಇಲ್ಲ. ಇಷ್ಟು ನನಗೆ ಗೊತ್ತಿತ್ತು. ಇಷ್ಟಕ್ಕೇ ಎಲ್ಲ ಗೊತ್ತಿದೆ ಎಂದುಕೊಂಡಿದ್ದೆ.

ಅದಕ್ಕೆ ನಾನೇ ಒಂದು ಉಪಾಯ ಕಂಡುಕೊಂಡಿದ್ದೆ. ಎಕ್ಸ್‌ರೇ ಚಿತ್ರದಲ್ಲಿ ಗಾಳಿ ಕಪ್ಪು, ಲೋಹ ಅಚ್ಚ ಬಿಳಿ. ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ ಕಾಣಬೇಕು, ಅದರ ನಡುವೆ ಬೆಳ್ಳಿ ಬಂದು ಕೂತರೆ ಹಿಂದಿರುವುದೆಲ್ಲ ಮುಚ್ಚಿಹೋಗುತ್ತದೆ. ಬೆನ್ನಿಗೆ ಹಾಕಿಕೊಂಡರೂ ಅಷ್ಟೇ, ಕಿರಣ ಮೈಯನ್ನೆಲ್ಲ ಹಾದು ಹೋಗುವುದರಿಂದ ಹಿಂದೆ ಇದ್ದದ್ದೂ ಮುಂದೆ ಇದ್ದ ಹಾಗೇ ಬೀಳುತ್ತದೆ. ಆದರೆ ಬಲಗಡೆ, ಪಕ್ಕೆಲುಬುಗಳು ಮುಗಿಯುವ ಕಡೆ ಲಿವರ್ ಇದೆ. ಅದು ಚಿತ್ರದಲ್ಲಿ ಹೇಗಿದ್ದರೂ ಬಿಳಿಯ ದಿಬ್ಬ. ಕರಡಿಗೆಯನ್ನು ಆ ದಿಬ್ಬದ ಮೇಲೆ ಸರಿಸಿಬಿಟ್ಟರೆ ಬಿಳಿಯ ಮೇಲೆ ಬಿಳಿ, ಯಾರಿಗೂ ತೊಂದರೆಯಿಲ್ಲ. ಹೊಕ್ಕುಳಿಗಿಂತ ಮೇಲೇ ಇರುವುದರಿಂದ ಅವರ ನಿಯಮವೂ ಉಳಿಯುತ್ತದೆ. ಹೊಸದಾಗಿ ಕೆಲಸ ಕಲಿಯಲು ಬಂದವರಿಗೆಲ್ಲ ಇದನ್ನು ನಾನು ಜಂಬದಿಂದ ಹೇಳಿಕೊಟ್ಟಿದ್ದೇನೆ.

ಆ ದಿನ ಬಂದವರು ಅರವತ್ತೈದು ದಾಟಿದ ಹೆಂಗಸು. ಟವೆಲ್ಲು, ಬೆಡ್‌ಶೀಟುಗಳ ಸಗಟು ಅಂಗಡಿಯ ಯಜಮಾನಿ. ವಾರಕ್ಕೆ ಮೂರು ದಿನ ಈಗಲೂ ತಾವೇ ಪೇಟೆಗೆ ಹೋಗಿ ಅಂಗಡಿಯಲ್ಲಿ ಕೂರುತ್ತಾರಂತೆ, ಗವಿಪುರಂನ ಮನೆಯಿಂದ ಆಟೋ ಹಿಡಿದು. ನ್ಯುಮೋನಿಯಾ ಆಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದರು. ಡ್ರಿಪ್ಪಿನಲ್ಲಿ ಆಂಟಿಬಯಾಟಿಕ್ ಆಗಿ, ಮಾತ್ರೆಯ ಕೋರ್ಸೂ ಮುಗಿದಿತ್ತು. ಅವರ ಮನೆ ಡಾಕ್ಟರ ಚೀಟಿಯಲ್ಲಿ ಹೀಗಿತ್ತು: ಬಲ ಶ್ವಾಸಕೋಶದ ಕೆಳಭಾಗದ ನ್ಯುಮೋನಿಯಾ, ಗುಣವಾಗಿದೆಯೇ ನೋಡಿ. ಆ ಚೀಟಿಯನ್ನು ನಾನು ಓದಿದೆ. ಓದಿದೆ ಎನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಓದಲಿಲ್ಲ ಎಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಗೌನು ಹಾಕಿಸಿ, ಪ್ಲೇಟಿಗೆ ಎದೆ ಆನಿಸಿ ನಿಲ್ಲಿಸಿದೆ. ಗದ್ದ ಮೇಲಕ್ಕೆ, ಅಂಗೈಗಳ ಹಿಂಭಾಗ ಸೊಂಟದ ಮೇಲೆ, ಮೊಣಕೈಗಳು ಮುಂದಕ್ಕೆ. ಹಾಗೆ ನಿಂತರೆ ಬೆನ್ನಿನ ಹಲಗೆಮೂಳೆಗಳು ಶ್ವಾಸಕೋಶದಿಂದ ಪಕ್ಕಕ್ಕೆ ಸರಿಯುತ್ತವೆ. ಕರಡಿಗೆಯನ್ನು ತಮ್ಮ ಕೈಯಿಂದಲೇ ಬಲಗಡೆಗೆ, ಕೆಳಕ್ಕೆ, ನನ್ನ ಆ ಪ್ರಸಿದ್ಧ ಜಾಗಕ್ಕೆ ಸರಿಸಿಕೊಳ್ಳಲು ಹೇಳಿದೆ.

"ಇಲ್ಲಿದ್ರೆ ಅಡ್ಡ ಬರಲ್ವಾಮ್ಮ?" ಎಂದು ಅವರು ಕೇಳಿದರು.

"ಏನೂ ಆಗಲ್ಲ ಅಮ್ಮ. ನಾವು ಯಾವಾಗ್ಲೂ ಹಿಂಗೇ ತೆಗೆಯೋದು."

ಉಸಿರು ಎಳೆದು ಹಿಡಿಯಲು ಹೇಳಿದೆ. ಮೊದಲ ಸಲ ಕೆಮ್ಮು ಬಂತು. ಎರಡನೆಯ ಸಲ ಅರ್ಧ ಉಸಿರಿಗೇ ಸಾಕಾಯಿತು. ಪೂರ್ತಿ ಉಸಿರು ಎಳೆದರೆ ಲಿವರ್ ಕೆಳಗಿಳಿದು ಶ್ವಾಸಕೋಶದ ತಳ ಬಿಚ್ಚಿಕೊಳ್ಳುತ್ತದೆ. ಅರ್ಧ ಎಳೆದರೆ ಇಳಿಯುವುದಿಲ್ಲ, ಅದರ ಮೇಲೆ ಕೂತ ಬೆಳ್ಳಿಯೂ ಅಲ್ಲೇ ಶ್ವಾಸಕೋಶದ ಅಂಚಿನ ಮೇಲೆ ಉಳಿಯುತ್ತದೆ. ನಿತ್ರಾಣವಾಗಿದ್ದಾರೆ, ಇನ್ನೊಮ್ಮೆ ನಿಲ್ಲಿಸಿ ಹಿಂಸೆ ಕೊಡುವುದು ಬೇಡ ಎಂದು ನಾನು ಬಟನ್ ಒತ್ತಿದೆ. ಚಿತ್ರ ಬಂತು. ಬಲಗಡೆಯ ಕೆಳಮೂಲೆಯಲ್ಲಿ ಬಿಳಿಯ ಮೊಟ್ಟೆ. ಉಳಿದದ್ದು ಚೆನ್ನಾಗಿತ್ತು. ಹೊರಗೆ ಇನ್ನೂ ಜನ ಕಾಯುತ್ತಿದ್ದರು.

ಚಿತ್ರ ಓದಿ ವರದಿ ಬರೆಯುವುದು ನಮ್ಮ ಕೇಂದ್ರದ ಡಾಕ್ಟರು. ಪಕ್ಕದ ಕೋಣೆಯಲ್ಲೇ ಅಲ್ಟ್ರಾಸೌಂಡ್ ಯಂತ್ರದ ಜೊತೆ ಕೂರುತ್ತಾರೆ. ಅವರು ಬರೆದದ್ದು ಎರಡು ವಾಕ್ಯ. ಕಾಣುವ ಮಟ್ಟಿಗೆ ಎರಡೂ ಶ್ವಾಸಕೋಶಗಳು ಸ್ವಚ್ಛವಾಗಿವೆ. ಬಲಗಡೆಯ ಕೆಳಮೂಲೆ ಲೋಹದ ನೆರಳಿನಿಂದ ಮುಚ್ಚಿದೆ. ಅವರು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ವರದಿಯಲ್ಲಿ "ಸ್ವಚ್ಛ" ಎಂಬ ಪದ ಕಂಡ ಮೇಲೆ ಮುಂದಿನ ಸಾಲು ಓದುವವರು ಕಡಿಮೆ. ಮನೆ ಡಾಕ್ಟರು ಇನ್ನು ಮಾತ್ರೆ ಬೇಡ, ಚೆನ್ನಾಗಿ ಊಟ ಮಾಡಿ ಎಂದು ಕಳಿಸಿದರಂತೆ.

ಹನ್ನೊಂದು ದಿನ ಕಳೆದ ಮೇಲೆ, ಮಧ್ಯಾಹ್ನದ ಹೊತ್ತು ಯಾರೂ ಇಲ್ಲದಾಗ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಆ ಅಮ್ಮನ ಸೊಸೆ. ಸ್ಕೂಲೊಂದರಲ್ಲಿ ಟೀಚರ್. ಕೈಯಲ್ಲೊಂದು ನೋಟ್‌ಬುಕ್ಕು.

"ನಮ್ಮತ್ತೇದು ಎಕ್ಸ್‌ರೇ ತೆಗ್ದಿದ್ರಲ್ಲ, ಅದನ್ನ ಇನ್ನೊಂದ್ಸಲ ನೋಡಿ ಹೇಳ್ತೀರಾ ಮೇಡಂ? ನಿಜವಾಗ್ಲೂ ಏನೂ ಇಲ್ವಾ ಅಂತ."

ನೋಟ್‌ಬುಕ್ಕು ಬಿಚ್ಚಿ ನನ್ನ ಮುಂದಿಟ್ಟರು. ದಿನಕ್ಕೆ ಎರಡು ಸಲ ಜ್ವರ ನೋಡಿ ಬರೆದಿದ್ದರು, ಹಾಜರಿ ಪುಸ್ತಕದ ಹಾಗೆ ನೀಟಾಗಿ. ಬೆಳಿಗ್ಗೆ ಏನೂ ಇಲ್ಲ. ಸಂಜೆ ನೂರು. ಒಂದು ದಿನ ಬಿಟ್ಟು ಮತ್ತೆ ನೂರರ ಮೇಲೆ ಸ್ವಲ್ಪ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಬಲಗಡೆ ಮಲಗಿದರೆ ನೋವು ಅಂದರು, ಆಮೇಲೆ ಇಲ್ಲ ಅಂದರು."

"ಡಾಕ್ಟರಿಗೆ ತೋರಿಸಿದ್ರಾ?"

"ಹೋದ್ವಿ. ಕಾಯಿಲೆ ಆದ್ಮೇಲೆ ಒಂದಷ್ಟು ದಿನ ಸುಸ್ತು ಇರತ್ತೆ ಅಂದ್ರು. ಅವರೆದುರು ನಮ್ಮತ್ತೆ ಜ್ವರ ಇದೆ ಅಂತ ಬಾಯೇ ಬಿಡಲ್ಲ. ಮನೇಲಿ ನಾನು ಜ್ವರ ಅಂದ್ರೆ ಸಾಕು, ಎಕ್ಸ್‌ರೇ ಕವರ್ ತಂದು ಮುಂದೆ ಹಿಡೀತಾರೆ. ಎಕ್ಸ್‌ರೇ ಅಮ್ಮ ಏನೂ ಆಗಲ್ಲ ಅಂದಿದಾಳೆ, ನಿಂದೇನು ಅಂತಾರೆ. ಎರಡು ದಿನದಿಂದ ನನ್ನ ಹತ್ರ ಮಾತಿಲ್ಲ."

ಎಕ್ಸ್‌ರೇ ಅಮ್ಮ ಎಂದರೆ ನಾನು. ಏನೂ ಆಗಲ್ಲ ಎಂದು ನಾನು ಹೇಳಿದ್ದು ಕರಡಿಗೆಯ ಜಾಗದ ಬಗ್ಗೆ, ಅವರ ಎದೆಯ ಬಗ್ಗೆ ಅಲ್ಲ. ಅದನ್ನು ಅವರು ತಮಗೆ ಬೇಕಾದಂತೆ ಹಿಗ್ಗಿಸಿಕೊಂಡಿದ್ದರು. ಕಾಯಿಲೆಯಿಂದ ಎದ್ದವರಿಗೆ ಗುಣವಾಗಿದೆ ಎಂಬ ಮಾತಿಗಿಂತ ರುಚಿಯಾದದ್ದು ಬೇರೆ ಇಲ್ಲ.

ಚಿತ್ರ ನೋಡಿ ಹೀಗಿದೆ ಹಾಗಿದೆ ಎಂದು ಹೇಳುವುದು ನನ್ನ ಕೆಲಸವಲ್ಲ, ಹೇಳಲೂಬಾರದು. ಕೂತಿರಿ ಎಂದು ಒಳಗೆ ಹೋಗಿ ಕಂಪ್ಯೂಟರಿನಲ್ಲಿ ಆ ಚಿತ್ರ ತೆರೆದೆ. ಬಿಳಿಯ ಮೊಟ್ಟೆ ಇದ್ದಲ್ಲೇ ಇತ್ತು. ಬೆಳಕು ಕಡಿಮೆ ಮಾಡಿ, ದೊಡ್ಡದು ಮಾಡಿ ನೋಡಿದೆ. ಮೊಟ್ಟೆಯ ಹೊರಗಡೆಯ ಅಂಚಿನಲ್ಲಿ, ಪಕ್ಕೆಲುಬಿನ ಮಗ್ಗುಲಿಗೆ, ಒಂದು ಮಾಸಲು ಗೆರೆ ಮೇಲಕ್ಕೆ ಬಾಗಿ ಹೋಗಿತ್ತು. ಅದು ಏನೂ ಇಲ್ಲದೆಯೂ ಇರಬಹುದು. ಶ್ವಾಸಕೋಶದ ಹೊರಗೆ ನೀರು ನಿಂತರೆ ಅದರ ಅಂಚು ಎದೆಯ ಗೋಡೆಗೆ ಹತ್ತುವಾಗ ಹೀಗೇ ಬಾಗುತ್ತದೆ ಎಂಬುದೂ ನನಗೆ ಗೊತ್ತು. ಚೀಟಿಯಲ್ಲಿ ನೋಡಲು ಹೇಳಿದ್ದ ಜಾಗ ಯಾವುದೋ, ಸರಿಯಾಗಿ ಅದನ್ನೇ ಹುಡುಕಿಕೊಂಡು ಹೋಗಿ ನಾನು ಬೆಳ್ಳಿಯಿಂದ ಮುಚ್ಚಿದ್ದೆ.

ನಿಮ್ಮ ಡಾಕ್ಟರನ್ನೇ ಕೇಳಿ ಎಂದು ಕಳಿಸಿಬಿಡುವುದು ಸುಲಭವಿತ್ತು. ನಿಯಮದ ಪ್ರಕಾರ ಅದೇ ಸರಿಯಾದ ಉತ್ತರ ಕೂಡ. ಕೆಲಸಕ್ಕೂ ಕುತ್ತಿಲ್ಲ, ಮರ್ಯಾದೆಗೂ ಕುತ್ತಿಲ್ಲ. ಹೊರಗೆ ಆ ಹೆಂಗಸು ಕಾಯುತ್ತಿರುವುದು ಬಾಗಿಲ ಸಂದಿನಿಂದ ಕಾಣುತ್ತಿತ್ತು, ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು. ಎದ್ದು ಡಾಕ್ಟರ ಕೋಣೆಗೆ ಹೋದೆ.

"ಸರ್, ಈ ಫಿಲ್ಮ್ ನಾನು ಕೆಡಿಸಿದೀನಿ. ಇನ್ನೊಂದ್ಸಲ ತೆಗೀಬೇಕು."

ಅವರು ನೋಡಿದರು. "ಬರ್ದಿದೀನಲ್ಲಮ್ಮ, ಮೂಲೆ ಕಾಣ್ತಿಲ್ಲ ಅಂತ."

"ಬರ್ದಿದೀರಿ ಸರ್. ಯಾರೂ ಓದಿಲ್ಲ. ಸಂಜೆ ಹೊತ್ತು ಜ್ವರ ಬರ್ತಿದೆಯಂತೆ."

ಅವರೂ ನಾನು ಮಾಡಿದ್ದನ್ನೇ ಮಾಡಿದರು, ಬೆಳಕು ಕಡಿಮೆ, ಚಿತ್ರ ದೊಡ್ಡದು. ಆ ಗೆರೆಯ ಹತ್ತಿರ ಬಾಣದ ಗುರುತು ನಿಂತಿತು. "ನಾಳೆ ಬೆಳಿಗ್ಗೆ ಬರೋಕೆ ಹೇಳು. ನೇರ ಒಂದು, ಪಕ್ಕದಿಂದ ಒಂದು. ಈ ಸಲ ಮೂಲೆ ಕಾಣ್ಬೇಕು."

ಡಾಕ್ಟರ ಮುಂದೆ ತಪ್ಪು ಒಪ್ಪಿಕೊಂಡ ಧೈರ್ಯ ಹೊರಗೆ ಬರುವಷ್ಟರಲ್ಲಿ ಎಲ್ಲಿಗೆ ಹೋಯಿತೋ. ಸೊಸೆಗೆ ನಾನು ಹೇಳಿದ್ದು ಇಷ್ಟೇ, "ಒಂದು ಮೂಲೆ ಸರಿಯಾಗಿ ಬಂದಿಲ್ವಂತೆ, ಡಾಕ್ಟರು ಇನ್ನೊಂದ್ಸಲ ತೆಗೀಬೇಕು ಅಂತಿದಾರೆ." ಮೂಲೆಯೇ ತಪ್ಪು ಮಾಡಿದ ಹಾಗೆ.

ಮರುದಿನ ಅಮ್ಮ ಮುಖ ಗಂಟು ಹಾಕಿಕೊಂಡೇ ಬಂದರು. ಮೆಟ್ಟಿಲು ನಾಲ್ಕೇ ಇರುವುದು, ಅದನ್ನು ಹತ್ತಿ ಕುರ್ಚಿ ಹುಡುಕಿದರು. ಹನ್ನೆರಡು ದಿನದಲ್ಲಿ ಕೆನ್ನೆ ಇಳಿದುಹೋಗಿತ್ತು. ಸೊಸೆ ಹೊರಗೆ ಕೂತರು.

"ಒಂದ್ಸಲ ತೆಗೆದಿದೀರಲ್ಲ. ಇವಳೇ ಏನೋ ಹೇಳಿ ನಿಮ್ಮ ತಲೆ ತಿಂದಿರ್ಬೇಕು."

"ಇಲ್ಲ ಅಮ್ಮ, ಡಾಕ್ಟರೇ ಹೇಳಿದ್ದು" ಎಂದೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಲಿವರಿನ ಉಪಾಯ ಈ ಸಲ ನಡೆಯುವುದಿಲ್ಲ. ಕರಡಿಗೆಯನ್ನು ಅಂಗೈಯಲ್ಲಿ ಹಿಡಿದುಕೊಳ್ಳಲು ಹೇಳಿದೆ, ಕೈ ಎದೆಯಿಂದ ಆಚೆ ಇರುತ್ತದಲ್ಲ. ಅವರು ಹಿಡಿದುಕೊಂಡರು. ಕೈಯನ್ನು ಸೊಂಟಕ್ಕೆ ತರಲು ಹೇಳಿದ ಕೂಡಲೇ ನಿಂತರು. "ಅಷ್ಟು ಕೆಳಗೆ ಬೇಡಮ್ಮ." ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ನಮ್ಮ ಎದೆಯ ಚಿತ್ರದ ಭಂಗಿಯಲ್ಲಿ ಕೈ ಇರಬೇಕಾದ ಜಾಗವೂ, ಅವರ ಲಿಂಗ ಇರಬಾರದ ಜಾಗವೂ ಒಂದೇ.

ಹಾಗಾದರೆ ಕೈ ಮೇಲೆತ್ತಿ ಎಂದೆ. ಭುಜದ ಮಟ್ಟಕ್ಕೆ ಎತ್ತಿದರು. ಹಲಗೆಮೂಳೆ ಒಳಕ್ಕೆ ಬಂದು ಶ್ವಾಸಕೋಶದ ಮೇಲೆ ಕೂತಿತು. ಇನ್ನೂ ಮೇಲಕ್ಕೆ ಎಂದೆ. ಕೈ ನಡುಗಿತು. ಉಸಿರು ಎಳೆದು ಹಿಡಿಯಿರಿ ಎನ್ನುವುದಕ್ಕೂ ಕೆಮ್ಮು ಬರುವುದಕ್ಕೂ ನಾನು ಬಟನ್ ಒತ್ತುವುದಕ್ಕೂ ಸರಿಹೋಯಿತು. ಬಂದ ಚಿತ್ರ ಒದ್ದೆ ಗಾಜಿನ ಹಿಂದೆ ನಿಂತವರಂತೆ ಕಲಸಿಹೋಗಿತ್ತು. ಒಂದು ಎಕ್ಸ್‌ಪೋಷರ್ ದಂಡ. ಕಿರಣದ ಪ್ರಮಾಣ ಸಣ್ಣದೇ, ಆದರೂ ಕಾಯಿಲೆಯವರ ಮೈಮೇಲೆ ಸುಮ್ಮನೆ ಹಾಯಿಸಿದ ಕಿರಣ ನನ್ನ ಮನಸ್ಸಿನಿಂದ ಬೇಗ ಹೋಗುವುದಿಲ್ಲ.

ಅವರನ್ನು ಸ್ಟೂಲಿನ ಮೇಲೆ ಕೂರಿಸಿದೆ. ನೀರು ಕೊಟ್ಟೆ. ಬೆನ್ನಿಗೆ ಹಾಕಿದರೆ ಮೇಲ್ಭಾಗ ಮುಚ್ಚುತ್ತದೆ. ಎಡಗಡೆಗೆ ಸರಿಸಿದರೆ ಹೃದಯದ ಮೇಲೆ. ತೆಗೆಯಿರಿ ಎಂದು ಕೇಳಲು ನನಗೆ ಬಾಯಿಲ್ಲ. ಇಷ್ಟೂ ವರ್ಷ ಈ ಕರಡಿಗೆಯ ಬಗ್ಗೆ ಯಾರ ಹತ್ತಿರವೂ ನಾನು ಒಂದು ಪ್ರಶ್ನೆ ಕೇಳಿರಲಿಲ್ಲ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ಕೇಳಿದರೆ ತಪ್ಪು ತಿಳಿಯುತ್ತಾರೇನೋ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿ, ನಿಂಬೆಹಣ್ಣನ್ನು ಸರಿಸಿದ ಹಾಗೆ ಸರಿಸಿಕೊಂಡು ಬಂದಿದ್ದೆ. ಕೇಳದೆ ಇರುವುದರಲ್ಲಿ ಅರ್ಧ ಮರ್ಯಾದೆ ಇತ್ತು, ಇನ್ನರ್ಧ ಸೋಮಾರಿತನ.

"ಅಮ್ಮ, ನಂಗೆ ಗೊತ್ತಿಲ್ಲ, ಅದಕ್ಕೆ ಕೇಳ್ತಿದೀನಿ. ಇದನ್ನ ಮೈಮೇಲೆ ಎಲ್ಲೆಲ್ಲಿ ಧರಿಸಬಹುದು?"

ಅವರು ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದರು. "ಕತ್ತು, ಕಂಕುಳು, ಎದೆ, ಅಂಗೈ" ಎಂದು ಬೆರಳು ಮಡಿಸಿದರು. ಸ್ವಲ್ಪ ತಡೆದು ಉಸಿರು ತೆಗೆದುಕೊಂಡು, "ತಲೆ" ಎಂದರು.

"ತಲೆ ಮೇಲೂ ಇಟ್ಕೋಬಹುದಾ?"

"ಯಾಕಾಗಲ್ಲ. ತಲೆಗಿಂತ ಒಳ್ಳೆ ಜಾಗ ಯಾವ್ದಮ್ಮ? ನಮ್ಮ ಮಾವನವರು ಅಂಗಡಿಗೆ ಬೇಲು ಬರೋ ದಿನ, ದೊಡ್ಡ ಬಟ್ಟೆ ಮೂಟೆ ಹೊರೋವಾಗ ಎದೆಗೆ ತಗುಲತ್ತೆ ಅಂತ ರುಮಾಲಿನೊಳಗೇ ಇಟ್ಟು ಸುತ್ಕೊಳ್ಳೋರು. ಬೇಲು ಇಳಿಸಿ ಆಗೋವರ್ಗೂ ಅಲ್ಲೇ."

ತಲೆ ನನ್ನ ಚಿತ್ರದ ಚೌಕಟ್ಟಿನಲ್ಲಿ ಬರುವುದೇ ಇಲ್ಲ. ಇಷ್ಟು ಸರಳವಾದ ಉತ್ತರ ಇಷ್ಟೂ ದಿನ ಎದುರಿಗೇ ನಿಂತಿತ್ತು, ನಾನು ಅದರ ಎದೆಗೆ ಪ್ಲೇಟು ಹಿಡಿದುಕೊಂಡು ತಲೆ ಕೆಡಿಸಿಕೊಂಡಿದ್ದೆ.

ಅವರ ಚೀಲದಲ್ಲಿ ಒಂದು ತೆಳು ಹತ್ತಿ ಟವೆಲ್ ಇತ್ತು, ಒಗೆದು ಮಡಿಸಿದ್ದು. ಸೊಸೆಯನ್ನು ಒಳಗೆ ಕರೆದೆ. ಕರಡಿಗೆಯನ್ನು ಯಾರೂ ಮುಟ್ಟಲಿಲ್ಲ. ದಾರ ಕತ್ತಿನಲ್ಲೇ ಉಳಿಯಿತು, ಕರಡಿಗೆ ಮಾತ್ರ ಅವರ ಕೈಯಿಂದಲೇ ನೆತ್ತಿಗೆ ಏರಿತು. ಸೊಸೆ ಟವೆಲಿನ ಒಂದು ತುದಿ ಹಿಡಿದುಕೊಂಡರು, ಅಮ್ಮ ಇನ್ನೊಂದು ತುದಿಯಿಂದ ಸುತ್ತಿದರು. ಒಂದು ಸುತ್ತು ಹಾಕಿ ನಿಂತರು, ಉಸಿರು ಬಿಟ್ಟರು, ಇನ್ನೊಂದು ಸುತ್ತು. ಮೂರು ಸಲ ನಿಲ್ಲಬೇಕಾಯಿತು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಆದರೆ ಅಮ್ಮ ನಿಂತಾಗ ಸೊಸೆ ತುದಿಯನ್ನು ಬಿಗಿ ಹಿಡಿದು ಕಾದರು, ಅಮ್ಮ ಸುತ್ತಿದಾಗ ಸಡಿಲ ಬಿಟ್ಟರು. ಕೊನೆಗೆ ರುಮಾಲು ಕೂತಿತು. ನೋಡಿದರೆ ಅಂಗಡಿಗೆ ಬೇಲು ಇಳಿಸಲು ಹೊರಟವರ ಹಾಗೇ ಇದ್ದರು.

ಸೊಸೆಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ಕೈ ಎರಡೂ ಸೊಂಟಕ್ಕೆ ಬಂತು, ಯಾವ ಅಡ್ಡಿಯೂ ಇಲ್ಲದೆ. ಈ ಸಲ ಅವಸರ ಮಾಡಲಿಲ್ಲ. ಮೊದಲು ಕೆಮ್ಮಿಬಿಡಿ ಎಂದೆ, ಕೆಮ್ಮಿದರು. ಎರಡು ಸಲ ಸುಮ್ಮನೆ ಉಸಿರಾಡಿಸಿದೆ. ಮೂರನೆಯ ಉಸಿರು ಎಷ್ಟು ಆಗುತ್ತದೋ ಅಷ್ಟು ಎಳೆದು ಹಿಡಿದಾಗ ಒತ್ತಿದೆ. ಆಮೇಲೆ ಬಲಮಗ್ಗುಲು ಪ್ಲೇಟಿಗೆ, ಕೈಗಳು ತಲೆಯ ಮೇಲೆ. ರುಮಾಲನ್ನೇ ಹಿಡಿದುಕೊಂಡು ನಿಂತರು.

ಚಿತ್ರ ತೆರೆದುಕೊಂಡಿತು. ಬಲಗಡೆಯ ತಳ, ಚೂಪಾಗಿ ಕಪ್ಪಾಗಿ ಇಳಿಯಬೇಕಾದ ಮೂಲೆ, ಪೂರ್ತಿ ಬಿಳಿ. ಅದರ ಅಂಚು ಎದೆಯ ಗೋಡೆಯ ಕಡೆಗೆ ಬಟ್ಟಲಿನಂತೆ ಮೇಲೇರಿತ್ತು. ಪಕ್ಕದ ಚಿತ್ರದಲ್ಲಿ ಬೆನ್ನಿನ ಕಡೆ ಒಂದು ದಪ್ಪ ಬಿಳಿ ಗುಡ್ಡೆ. ಇದನ್ನು ಓದಲು ಡಾಕ್ಟರೇ ಆಗಬೇಕೆಂದಿರಲಿಲ್ಲ. ಸೀಸದ ಗಾಜಿನ ಈಚೆ ನಿಂತು ನನಗೆ ಅಳು ಬಂತು. ಗಾಜಿನ ಆಚೆ ಅವರು ರುಮಾಲು ಸರಿಮಾಡಿಕೊಳ್ಳುತ್ತಾ, "ಆಯ್ತಾಮ್ಮ? ಈ ಸಲನಾದ್ರೂ ಮೂಲೆ ಬಂತಾ?" ಎಂದು ಕೇಳುತ್ತಿದ್ದರು.

"ಬಂತು ಅಮ್ಮ."

ಡಾಕ್ಟರು ಕೂಡಲೇ ಅಲ್ಟ್ರಾಸೌಂಡಿಗೆ ಮಲಗಿಸಿದರು. ಶ್ವಾಸಕೋಶದ ಹೊರಗೆ, ಎದೆಯ ಗೋಡೆಯ ಒಳಗೆ ನೀರು ನಿಂತಿತ್ತು. ತಿಳಿನೀರಲ್ಲ, ಗಟ್ಟಿ, ನಡುನಡುವೆ ಎಳೆಎಳೆ. ಶ್ವಾಸಕೋಶದ ಸೋಂಕು ಹೊರಗೆ ಹರಡಿ ಕೀವು ಕಟ್ಟಿರಬಹುದು, ಬರೀ ಮಾತ್ರೆಗೆ ಹೋಗುವುದಿಲ್ಲ, ಟ್ಯೂಬು ಹಾಕಿ ತೆಗೆಯಬೇಕು, ಇವತ್ತೇ ಆಸ್ಪತ್ರೆಗೆ ಸೇರಿಸಿ ಎಂದು ಹೇಳಿದರು. ತಡಮಾಡಿದರೆ ಶ್ವಾಸಕೋಶದ ಮೇಲೆ ಸಿಪ್ಪೆ ಕಟ್ಟಿಕೊಂಡು ಅದು ಹಿಗ್ಗುವುದೇ ಇಲ್ಲ, ಆಗ ದೊಡ್ಡ ಆಪರೇಷನ್ ಎಂದೂ ಹೇಳಿದರು.

"ಹೋದ್ಸಲ ಎಕ್ಸ್‌ರೇ ಸರಿ ಇತ್ತಲ್ಲ ಡಾಕ್ಟ್ರೆ?" ಎಂದರು ಅಮ್ಮ.

"ಅದರಲ್ಲಿ ಈ ಜಾಗ ಕಾಣ್ತಿರ್ಲಿಲ್ಲ ಅಮ್ಮ."

ನಾನು ಬಾಗಿಲಲ್ಲೇ ನಿಂತಿದ್ದೆ. ಆಗ ಹೇಳಬೇಕಿತ್ತು. ಹೇಳಲಿಲ್ಲ. ಡಾಕ್ಟರೂ ನನ್ನ ಕಡೆ ತಿರುಗಲಿಲ್ಲ, ಅದು ಅವರ ದೊಡ್ಡತನ. ಸೊಸೆ ಮಾತ್ರ ಗೋಡೆಗೆ ಒರಗಿ ನೋಟ್‌ಬುಕ್ಕನ್ನು ಚೀಲದೊಳಗೆ ಹಾಕಿ, ಆಸ್ಪತ್ರೆಗೆ ಬೇಕಾದ್ದನ್ನೆಲ್ಲ ಫೋನಿನಲ್ಲಿ ಗಂಡನಿಗೆ ಒಂದೊಂದಾಗಿ ಹೇಳತೊಡಗಿದರು. ನಾನು ಹೇಳಿದ್ದೆನಲ್ಲ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಪಕ್ಕೆಲುಬುಗಳ ನಡುವೆ ಟ್ಯೂಬು ಹಾಕಿ ಕೀವು ತೆಗೆದರು, ಟ್ಯೂಬು ಒಂಬತ್ತು ದಿನ ಇತ್ತು, ಕೀವಿನಲ್ಲಿ ಸಿಕ್ಕ ರೋಗಾಣುವಿಗೆ ತಕ್ಕ ಬೇರೆ ಆಂಟಿಬಯಾಟಿಕ್ ವಾರಗಟ್ಟಲೆ ನಡೆಯಿತು ಎಂಬುದೆಲ್ಲ ಡಾಕ್ಟರ ಮೂಲಕ ನನ್ನ ಕಿವಿಗೆ ಬೀಳುತ್ತಿತ್ತು. ಪ್ರತಿ ಸಲ ಕೇಳುವಾಗಲೂ ಆಪರೇಷನ್ ಎಂಬ ಮಾತು ಬರದಿರಲಿ ಎಂದುಕೊಳ್ಳುತ್ತಿದ್ದೆ. ಬರಲಿಲ್ಲ. ಆ ನಡುವೆ ಕರಡಿಗೆ ಧರಿಸಿದವರು ಬೇರೆ ನಾಲ್ಕೈದು ಜನ ಬಂದರು. ಒಬ್ಬೊಬ್ಬರನ್ನೂ ಕೇಳಿದೆ. ಯಾರೂ ತಪ್ಪು ತಿಳಿಯಲಿಲ್ಲ. ಒಬ್ಬರು ಅಜ್ಜ ಕೇಳಿದ್ದಕ್ಕೇ ಖುಷಿಯಾಗಿ ಇಪ್ಪತ್ತು ನಿಮಿಷ ವಿವರಿಸಿ, ನನ್ನ ಸರದಿಯನ್ನೆಲ್ಲ ಕೆಡಿಸಿದರು.

ಎರಡು ತಿಂಗಳಾದ ಮೇಲೆ ಅಮ್ಮ ಮತ್ತೆ ಬಂದರು, ಸೊಸೆಯ ಜೊತೆ. ನಾಲ್ಕು ಮೆಟ್ಟಿಲು ಹತ್ತಿ, ಕೂರದೆ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತರು. ಒಳಗೆ ಬಂದು ತಾವೇ ಟವೆಲ್ ತೆಗೆದು, ಒಂದೇ ಸಲಕ್ಕೆ ರುಮಾಲು ಸುತ್ತಿಕೊಂಡರು. ಎಳೆದ ಉಸಿರು ಆಳವಾಗಿತ್ತು. ಚಿತ್ರದಲ್ಲಿ ಶ್ವಾಸಕೋಶ ತಳದವರೆಗೂ ಕಪ್ಪಗೆ ಬಿಚ್ಚಿಕೊಂಡಿತ್ತು. ಮೂಲೆ ಮಾತ್ರ ಸ್ವಲ್ಪ ಮೊಂಡಾಗಿ ಉಳಿದಿತ್ತು, ವಾಸಿಯಾದ ಗಾಯದ ಗುರುತಿನ ಹಾಗೆ. ಡಾಕ್ಟರು ಬಂದು ನೋಡಿ, ಇದು ಹೀಗೇ ಇರುತ್ತದೆ, ಏನೂ ತೊಂದರೆಯಿಲ್ಲ, ಗುಣವಾಗಿದೆ ಎಂದು ಅಮ್ಮನಿಗೇ ಹೇಳಿ ಹೋದರು.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಅವರು ರುಮಾಲು ಬಿಚ್ಚುತ್ತಿದ್ದರು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಅಮ್ಮ, ಮೊದಲ್ನೇ ದಿನ ಅಡ್ಡ ಬರಲ್ವಾ ಅಂತ ನೀವು ಕೇಳಿದ್ರಿ. ಏನೂ ಆಗಲ್ಲ ಅಂತ ನಾನಂದೆ. ಅಡ್ಡ ಬಂದಿತ್ತು. ನೋಡ್ಬೇಕಾಗಿದ್ದ ಜಾಗಾನೇ ಮುಚ್ಚಿಹೋಗಿತ್ತು. ಚೀಟಿ ಓದಿದ್ದೆ ನಾನು, ಆದ್ರೂ ಅಭ್ಯಾಸದ ಮೇಲೆ ಅಲ್ಲೇ ಇಡಿಸ್ದೆ. ಹನ್ನೆರಡು ದಿನ ತಡ ಆಗಿದ್ದು ನನ್ನಿಂದ."

ಅವರ ಕೈ ನಿಂತಿತು. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಎದೆಯ ಮೇಲೆ ಇಳಿಬಿಟ್ಟರು. ಟವೆಲನ್ನು ಉದ್ದಕ್ಕೆ ಮಡಿಸಿದರು, ಅಡ್ಡಕ್ಕೆ ಮಡಿಸಿದರು, ಅಂಗಡಿಯಲ್ಲಿ ಮಡಿಸುವ ಹಾಗೆ ಅಂಚಿಗೆ ಅಂಚು ಸೇರಿಸಿ.

"ಆಸ್ಪತ್ರೇಲಿ ಟ್ಯೂಬ್ ಹಾಕೋವಾಗ ತುಂಬ ನೋವಾಯ್ತಮ್ಮ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪಾಯಿತು ಎಂದೆ.

"ಈಗ ಹೇಳಿದ್ರಲ್ಲ, ನಿಮ್ದು ಮುಗೀತು. ನಂದಿದೆ." ಬಾಗಿಲ ಕಡೆ ನೋಡಿದರು. "ದಿನಾ ಸಂಜೆ ಅವಳು ಜ್ವರ ಇದೆ ಅನ್ನೋಳು. ನಾನು ಸುಮ್ನಿರೇ ಅಂತಿದ್ದೆ. ನಂಗೇನು ಗೊತ್ತಿರ್ಲಿಲ್ವಾ, ಮೈ ನಂದು ತಾನೆ. ಮತ್ತೆ ಆಸ್ಪತ್ರೆ ಅಂದ್ರೆ ಭಯ. ಅದಕ್ಕೆ ನಿಮ್ಮ ಮಾತನ್ನ ಹಿಡ್ಕೊಂಡೆ. ಇದನ್ನ ಅವಳ ಹತ್ರ ಹೇಳ್ಬೇಕು, ಬಾಯಿ ಬರ್ತಿಲ್ಲ. ಮೂವತ್ತು ವರ್ಷ ಅಂಗಡಿ ನಡೆಸಿದೀನಿ, ತಪ್ಪಾಯ್ತು ಅಂತ ಯಾರಿಗೂ ಅಂದಿಲ್ಲ. ನೀವು ಶುರು ಮಾಡಿಕೊಡಿ."

ನಾವಿಬ್ಬರೂ ಹೊರಗೆ ಬಂದೆವು. ಸೊಸೆ ಎದ್ದು ನಿಂತರು, ಮುಖದಲ್ಲಿ ಗಾಬರಿ. ಅಂಥ ಕೋಣೆಯಿಂದ ಇಬ್ಬರು ಒಟ್ಟಿಗೆ ಹೊರಗೆ ಬಂದರೆ ಯಾರಿಗಾದರೂ ಗಾಬರಿಯೇ.

"ಗುಣ ಆಗಿದೆ" ಎಂದು ಮೊದಲು ಹೇಳಿದೆ. ಆಮೇಲೆ ಒಳಗೆ ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಚೀಟಿ, ಕರಡಿಗೆ, ನಾನು ಕೊಟ್ಟ ಉತ್ತರ. "ನೀವು ಬರ್ದಿಟ್ಟಿದ್ದು ಸರಿ ಇತ್ತು. ನನ್ನ ಫಿಲ್ಮ್ ತಪ್ಪಿತ್ತು. ನೀವವತ್ತು ಬರದೆ ಇದ್ದಿದ್ರೆ ನಾನು ಆ ಫಿಲ್ಮನ್ನ ಮತ್ತೆ ನೋಡ್ತಾನೇ ಇರ್ಲಿಲ್ಲ."

ಸೊಸೆ ನನ್ನನ್ನು ನೋಡಲಿಲ್ಲ, ಅತ್ತೆಯನ್ನು ನೋಡಿದರು. ಅಮ್ಮ ಚೀಲದ ಜಿಪ್ಪನ್ನು ಎಳೆದರು, ತೆಗೆದರು, ಮತ್ತೆ ಎಳೆದರು.

"ಥರ್ಮಾಮೀಟರ್ ಕಳೆದುಹೋಯ್ತು ಅಂದ್ನಲ್ಲ" ಎಂದರು ಕೊನೆಗೆ. "ಕಳೆದಿರ್ಲಿಲ್ಲ. ನಾನೇ ಅಕ್ಕಿ ಡಬ್ಬೀಲಿ ಹೂತಿಟ್ಟಿದ್ದೆ."

"ಗೊತ್ತು ಅತ್ತೆ" ಎಂದರು ಸೊಸೆ. ಕಣ್ಣು ತುಂಬಿತ್ತು, ದನಿ ಮಾತ್ರ ಎಂದಿನಂತೆಯೇ ಇತ್ತು. "ಮನೇಲಿ ಅನ್ನಕ್ಕೆ ಅಕ್ಕಿ ತೆಗೆಯೋದು ಯಾರು? ಅವತ್ತೇ ಸಿಕ್ತು. ನೀವು ನಿದ್ದೆ ಮಾಡೋವಾಗ ನೋಡಿ, ತಿರುಗಿ ಅಲ್ಲೇ ಇಡ್ತಿದ್ದೆ."